ಮಹಿಳಾ ಆರೋಗ್ಯದ ಸಂಶೋಧನೆ ಓದಿ, ನಮ್ಮೂರ ಹೆಣ್ಣುಮಕ್ಕಳಿಗೆ ತಿಳಿಯುವಂತೆ ಬರೆಯುವುದು ಹೇಗೆ?

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ಆರೋಗ್ಯದ ಸುದ್ದಿ ಬರೆಯುವವರಿಗಾಗಿ ಈ ಮಾರ್ಗದರ್ಶಿ. ಪತ್ರಿಕೆಯ ವರದಿಗಾರರು, ಧಾರವಾಡ ಆಕಾಶವಾಣಿಗೆ ಕಾರ್ಯಕ್ರಮ ಬರೆದುಕೊಡುವವರು, ಸ್ವಂತ ಯೂಟ್ಯೂಬ್ ಚಾನೆಲ್ ನಡೆಸುವವರು, ಯಾರು ಬೇಕಾದರೂ ಬಳಸಬಹುದು. ಡಾಕ್ಟರಿಕೆ ಓದಿರಬೇಕಿಲ್ಲ. ಶೇಕಡಾ ಲೆಕ್ಕ ಬಂದರೆ ಸಾಕು. ತಾಳ್ಮೆ ಮಾತ್ರ ಸ್ವಲ್ಪ ಜಾಸ್ತಿ ಬೇಕು.

ವರದಿ ಓದಿದ ಹೆಣ್ಣುಮಗಳಿಗೆ ಮೂರು ವಿಷಯ ಗೊತ್ತಾಗಬೇಕು. ಎಷ್ಟು ಜನರಲ್ಲಿ ಎಷ್ಟು ಮಂದಿಗೆ ಹೀಗಾಯಿತು? ಆ ಜನ ನನ್ನಂಥವರೇನಾ? ನಾನೀಗ ಏನು ಮಾಡಬೇಕು? ಇದರಲ್ಲಿ ಒಂದು ಬಿಟ್ಟುಹೋದರೂ ನಮ್ಮ ಕೆಲಸ ಅರ್ಧವೇ ಆದಂತೆ. ಕೆಳಗಿನ ಹಂತಗಳೆಲ್ಲ ಈ ಮೂರು ಪ್ರಶ್ನೆಗೆ ಉತ್ತರ ಹುಡುಕುವ ದಾರಿಗಳು.

1. ಪ್ರೆಸ್‌ನೋಟ್ ಪಕ್ಕಕ್ಕಿಡಿ, ಮೂಲ ಪ್ರಬಂಧ ಹುಡುಕಿ

ವಾಟ್ಸಾಪ್‌ನಲ್ಲಿ ಬಂದ ಸುದ್ದಿಯನ್ನೋ, ಆಸ್ಪತ್ರೆಯವರು ಕಳಿಸಿದ ಪ್ರೆಸ್‌ನೋಟನ್ನೋ ನಂಬಿ ಬರೆಯಬೇಡಿ. ಸಂಶೋಧನೆ ಎಲ್ಲಿ ಪ್ರಕಟವಾಗಿದೆ ಎಂದು ಕೇಳಿ. ಪಬ್‌ಮೆಡ್ ಎಂಬ ತಾಣದಲ್ಲಿ ಹುಡುಕಿದರೆ ಹೆಚ್ಚಿನ ಪ್ರಬಂಧಗಳ ಸಾರಾಂಶ ಪುಕ್ಕಟೆ ಸಿಗುತ್ತದೆ. ಬಹಳಷ್ಟು ಪ್ರಬಂಧಗಳು ಪಬ್‌ಮೆಡ್ ಸೆಂಟ್ರಲ್‌ನಲ್ಲಿ ಪೂರ್ತಿಯಾಗಿಯೇ ಇರುತ್ತವೆ. ಸಿಗಲಿಲ್ಲ ಅಂದರೆ ಲೇಖಕರ ಇಮೇಲ್ ವಿಳಾಸ ಅಲ್ಲೇ ಇರುತ್ತದೆ, ಎರಡು ಸಾಲು ಬರೆದು ಕೇಳಿ. ತಮ್ಮ ಕೆಲಸದ ಬಗ್ಗೆ ಯಾರೋ ಆಸಕ್ತಿಯಿಂದ ಕೇಳಿದರೆ ಖುಷಿಯಿಂದ ಕಳಿಸುವವರೇ ಹೆಚ್ಚು.

ಸಂಶೋಧನೆ ಎಂದರೆ ಅಮೆರಿಕ, ಲಂಡನ್ ಎಂದುಕೊಳ್ಳಬೇಡಿ. ನಮ್ಮ ಹುಬ್ಬಳ್ಳಿಯ ಕೆಎಂಸಿಆರ್‌ಐ (ಜನರ ಬಾಯಲ್ಲಿ ಇನ್ನೂ ಕಿಮ್ಸ್), ಸತ್ತೂರಿನ ಎಸ್‌ಡಿಎಂ, ಗದಗದ ಜಿಮ್ಸ್, ಹಾವೇರಿಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಇವೆಯಲ್ಲ. ಅಲ್ಲಿನ ಹೆರಿಗೆ ಮತ್ತು ಸ್ತ್ರೀರೋಗ ವಿಭಾಗ, ಸಮುದಾಯ ವೈದ್ಯಕೀಯ ವಿಭಾಗಗಳಿಗೆ ಒಮ್ಮೆ ಹೋಗಿ ಬನ್ನಿ. ಸದ್ಯ ಯಾವ ಅಧ್ಯಯನ ನಡೆದಿದೆ ಎಂದು ಕೇಳಿ. ನಮ್ಮ ತಾಲೂಕುಗಳ ಹೆಣ್ಣುಮಕ್ಕಳ ಬಗ್ಗೆ ಹೇಳುವ ಮಾಹಿತಿ ಹೆಚ್ಚಾಗಿ ಅಲ್ಲಿರುತ್ತದೆ, ದೊಡ್ಡ ಪತ್ರಿಕೆಗಳಲ್ಲಲ್ಲ.

ಭಾರತದಲ್ಲಿ ನಡೆಯುವ ಔಷಧ ಪ್ರಯೋಗಗಳಿಗೆ ಸಿಟಿಆರ್‌ಐ ಎಂಬ ಸರ್ಕಾರಿ ನೋಂದಣಿ ಇದೆ. 2007ರಲ್ಲಿ ಶುರುವಾಯಿತು, 2009ರ ಜೂನ್ 15ರಿಂದ ನೋಂದಣಿ ಕಡ್ಡಾಯ. ಯಾರು ಬೇಕಾದರೂ ತೆರೆದು ನೋಡಬಹುದು. ಪ್ರಯೋಗ ಶುರುವಾಗುವ ಮೊದಲು "ನಾವು ಇದನ್ನು ಅಳೆಯುತ್ತೇವೆ" ಎಂದು ಏನು ಬರೆದಿದ್ದರು, ಕೊನೆಗೆ ಪ್ರಬಂಧದಲ್ಲಿ ಏನನ್ನು ಮುಂದೆ ಮಾಡಿದ್ದಾರೆ, ಹೋಲಿಸಿ ನೋಡಿ. ಎರಡೂ ಬೇರೆ ಇದ್ದರೆ ಮೊದಲ ಪ್ರಶ್ನೆ ಅದೇ.

2. ತೀರ್ಮಾನ ಬಿಟ್ಟು, ವಿಧಾನದಿಂದ ಓದಲು ಶುರುಮಾಡಿ

ಪ್ರಬಂಧದ ಕೊನೆಯ ಸಾಲು ಲೇಖಕರ ಅಭಿಪ್ರಾಯ. ಏನು ಮಾಡಿದರು ಎಂಬುದು ವಿಧಾನದ ಭಾಗದಲ್ಲಿರುತ್ತದೆ. ಅದನ್ನು ಮೊದಲು ಓದಿ.

ಒಂದು ಉದಾಹರಣೆ ಹಿಡಿದು ಕೊನೆತನಕ ಹೋಗೋಣ. 2006ರಲ್ಲಿ 'ಲ್ಯಾನ್ಸೆಟ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ನಮ್ಮ ಪಕ್ಕದ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ನಡೆದ ಪ್ರಯೋಗವೊಂದು ಪ್ರಕಟವಾಯಿತು. ಹೆರಿಗೆಯಾದ ಮೇಲೆ ಆಗುವ ವಿಪರೀತ ರಕ್ತಸ್ರಾವವನ್ನು ಮಿಸೊಪ್ರೊಸ್ಟಾಲ್ ಗುಳಿಗೆಯಿಂದ ತಡೆಯಬಹುದೇ ಎಂಬುದು ಪ್ರಶ್ನೆ. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಅಮೆರಿಕದ ಸಂಶೋಧಕರ ಜೊತೆ ಸೇರಿ ಮಾಡಿದ್ದು. ವಿಧಾನದ ಭಾಗ ಓದುತ್ತ ಪಕ್ಕದಲ್ಲಿ ಹೀಗೆ ಬರೆದುಕೊಳ್ಳಿ:

ಯಾರು? 1620 ಗರ್ಭಿಣಿಯರು. ಸಹಜ ಹೆರಿಗೆ ಆಗಬಹುದು ಎಂದು ಕಂಡವರು ಮಾತ್ರ. ಅಪಾಯ ಹೆಚ್ಚಿದ್ದವರನ್ನು ಸೇರಿಸಿಕೊಂಡಿಲ್ಲ.

ಎಲ್ಲಿ, ಯಾವಾಗ? ಮನೆಯಲ್ಲಿ ಅಥವಾ ಉಪಕೇಂದ್ರದಲ್ಲಿ ನಡೆದ ಹೆರಿಗೆಗಳು. 2002ರ ಸೆಪ್ಟೆಂಬರ್‌ನಿಂದ 2005ರ ಡಿಸೆಂಬರ್‌ವರೆಗೆ. ಗುಳಿಗೆ ಕೊಟ್ಟವರು ಎಎನ್ಎಂ ಸಿಸ್ಟರ್‌ಗಳು.

ಹೋಲಿಕೆ ಯಾವುದರ ಜೊತೆ? 812 ಮಂದಿಗೆ ನಿಜವಾದ ಗುಳಿಗೆ, 808 ಮಂದಿಗೆ ಔಷಧವಿಲ್ಲದ ಗುಳಿಗೆ. ಯಾರಿಗೆ ಯಾವುದು ಎಂಬುದನ್ನು ಯಾದೃಚ್ಛಿಕವಾಗಿ, ಅಂದರೆ ಚೀಟಿ ಎತ್ತಿದ ಹಾಗೆ, ಹಂಚಲಾಗಿತ್ತು.

ಹೇಗೆ ಅಳೆದರು? ಗುರುತು ಹಾಕಿದ ಪ್ಲಾಸ್ಟಿಕ್ ಹಾಳೆಯನ್ನು ಬಾಣಂತಿಯ ಕೆಳಗೆ ಹಾಸಿ, ಅದರ ಚೀಲದಲ್ಲಿ ಕೂಡಿದ ರಕ್ತವನ್ನು ಅಳೆದರು. ಇದು ಸಣ್ಣ ವಿಷಯವಲ್ಲ. ಬರೀ ಕಣ್ಣಂದಾಜಿನಲ್ಲಿ ಹೇಳಿದರೆ ರಕ್ತಸ್ರಾವ ಇದ್ದದ್ದಕ್ಕಿಂತ ಬಹಳ ಕಡಿಮೆ ಕಾಣುತ್ತದೆ.

ದುಡ್ಡು ಯಾರದು? ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಮತ್ತು ಗೇಟ್ಸ್ ಪ್ರತಿಷ್ಠಾನದ್ದು. ಔಷಧ ಕಂಪನಿಯ ದುಡ್ಡಾಗಿದ್ದರೆ ಅದನ್ನು ವರದಿಯಲ್ಲಿ ಹೇಳಲೇಬೇಕು.

ಈ ಐದು ಪ್ರಶ್ನೆಗೆ ಉತ್ತರ ಸಿಗದ ಪ್ರಬಂಧ ನಿಮ್ಮ ಕೈಯಲ್ಲಿದ್ದರೆ ಬರೆಯುವ ಅವಸರ ಬೇಡ. "ಹೆಂಗಸರನ್ನು ಕೇಳಿದೆವು, ಇಷ್ಟು ಮಂದಿ ಹೀಗೆಂದರು" ಎಂಬ ಸಮೀಕ್ಷೆಗೂ ಚೀಟಿ ಎತ್ತಿ ಮಾಡಿದ ಪ್ರಯೋಗಕ್ಕೂ ಬಹಳ ಅಂತರವಿದೆ. ಸಮೀಕ್ಷೆ ಸಂಬಂಧ ತೋರಿಸಬಹುದು, ಕಾರಣ ತೋರಿಸುವುದಿಲ್ಲ. "ಇದರಿಂದ ಅದು ಬರುತ್ತದೆ" ಎಂದು ಬರೆಯುವ ಮೊದಲು ನೀವು ಓದಿದ್ದು ಯಾವ ಬಗೆಯದು ಎಂದು ಖಾತ್ರಿ ಮಾಡಿಕೊಳ್ಳಿ.

3. ಶೇಕಡಾ ಬಿಡಿಸಿ, ಮಂದಿ ಲೆಕ್ಕದಲ್ಲಿ ಹೇಳಿ

ಆರೋಗ್ಯದ ವರದಿಗಳು ಹೆಚ್ಚು ದಾರಿ ತಪ್ಪುವುದು ಇಲ್ಲೇ. ಹಾಗಾಗಿ ಇದಕ್ಕೆ ಜಾಸ್ತಿ ಸಮಯ ಕೊಡಿ.

ಬೆಳಗಾವಿಯ ಪ್ರಯೋಗದಲ್ಲಿ ಔಷಧವಿಲ್ಲದ ಗುಳಿಗೆ ತಿಂದವರಲ್ಲಿ ಶೇ 12.0 ಮಂದಿಗೆ 500 ಮಿಲಿಲೀಟರ್ ಅಥವಾ ಅದಕ್ಕಿಂತ ಹೆಚ್ಚು ರಕ್ತ ಹೋಯಿತು. ಮಿಸೊಪ್ರೊಸ್ಟಾಲ್ ತಿಂದವರಲ್ಲಿ ಅದು ಶೇ 6.4. "ರಕ್ತಸ್ರಾವ ಶೇ 47ರಷ್ಟು ಇಳಿಕೆ" ಎಂದು ಬರೆಯಬಹುದು, ಸುಳ್ಳಲ್ಲ. ಆದರೆ ಓದಿದವಳಿಗೆ ಏನು ತಿಳಿಯಿತು?

ಕರಡನ್ನು ಹಳ್ಳಿಯ ಸ್ವಸಹಾಯ ಸಂಘದ ಸಭೆಯಲ್ಲಿ ಓದಿ ತೋರಿಸುವ ರೂಢಿ ನನ್ನದು. ಕುಂದಗೋಳ ತಾಲೂಕಿನ ಒಂದು ಸಭೆಯಲ್ಲಿ ಈ ಸಾಲು ಓದುತ್ತಿದ್ದಾಗ ಮುಂದೆ ಕೂತಿದ್ದ ಹಿರಿಯಾಕೆ ತಡೆದು ಹೇಳಿದರು: "ಅಕ್ಕಾರ, ಶೇಕಡಾ ಬ್ಯಾಡ್ರಿ. ನಾವು ಇಲ್ಲಿ ಇಪ್ಪತ್ತ ಮಂದಿ ಅದೀವಿ. ಇದರಾಗ ಎಷ್ಟ ಮಂದಿಗೆ ಹಂಗ ಆಗ್ತೈತಿ, ಅದನ್ನ ಹೇಳ್ರಿ." ಅಲ್ಲೇ ಲೆಕ್ಕ ಹಾಕಿದೆವು. ಇಪ್ಪತ್ತು ಬಾಣಂತಿಯರಲ್ಲಿ ಗುಳಿಗೆ ಇಲ್ಲದಿದ್ದರೆ ಎರಡು ಮೂರು ಮಂದಿಗೆ ಜಾಸ್ತಿ ರಕ್ತ ಹೋಗುತ್ತದೆ. ಗುಳಿಗೆ ಕೊಟ್ಟರೆ ಹೆಚ್ಚುಕಡಿಮೆ ಒಬ್ಬರಿಗೆ. ಸಂಶೋಧಕರ ಲೆಕ್ಕವೂ ಅದಕ್ಕೆ ಹತ್ತಿರವೇ ಇದೆ: 18 ಮಂದಿಗೆ ಗುಳಿಗೆ ಕೊಟ್ಟರೆ ಒಬ್ಬಳ ರಕ್ತಸ್ರಾವ ತಪ್ಪುತ್ತದೆ. ಈ ವಾಕ್ಯ ಎಲ್ಲರಿಗೂ ಹಿಡಿಯಿತು. ಅವತ್ತಿನಿಂದ ನಾನು ನೂರಕ್ಕಿಂತ ಇಪ್ಪತ್ತರ ಲೆಕ್ಕಕ್ಕೇ ಮೊದಲ ಜಾಗ ಕೊಡುತ್ತೇನೆ.

ಲೆಕ್ಕ ಹೀಗೆ. ಎರಡು ಗುಂಪಿನ ಶೇಕಡಾ ಬರೆದುಕೊಳ್ಳಿ: 12.0 ಮತ್ತು 6.4. ಒಂದರಿಂದ ಒಂದು ಕಳೆಯಿರಿ: 5.6. ಅಂದರೆ ನೂರರಲ್ಲಿ ಐದಾರು ಮಂದಿಗೆ ಪ್ರಯೋಜನ. ಈಗ 100 ಅನ್ನು 5.6ರಿಂದ ಭಾಗಿಸಿ: ಸುಮಾರು 18. ಮೊಬೈಲ್ ಕ್ಯಾಲ್ಕುಲೇಟರ್ ಸಾಕು.

ಇದೇ ಪ್ರಬಂಧದಲ್ಲಿ ಇನ್ನೊಂದು ಅಂಕಿ ಇದೆ, ಹೆಡ್‌ಲೈನ್ ಆಗಲು ಕಾದು ಕೂತಂಥದ್ದು. ಒಂದು ಲೀಟರ್‌ನಷ್ಟು ಅಥವಾ ಅದಕ್ಕೂ ಹೆಚ್ಚಿನ ತೀವ್ರ ರಕ್ತಸ್ರಾವ ಶೇ 1.2ರಿಂದ 0.2ಕ್ಕೆ ಇಳಿಯಿತು. "ಶೇ 80 ಇಳಿಕೆ!" ಆದರೆ ಮಂದಿ ಲೆಕ್ಕ ಮಾಡಿ. ಒಂದು ಗುಂಪಿನಲ್ಲಿ ಸುಮಾರು 10 ಮಂದಿ, ಇನ್ನೊಂದರಲ್ಲಿ 2 ಮಂದಿ. ಇಷ್ಟು ಕಡಿಮೆ ಮಂದಿ ಇದ್ದಾಗ ಅಂಕಿ ಗಟ್ಟಿಯಾಗಿ ನಿಲ್ಲುವುದಿಲ್ಲ. ಪ್ರಬಂಧದಲ್ಲಿ ಪಕ್ಕದಲ್ಲೇ ಆವರಣದೊಳಗೆ 0.04–0.91 ಎಂಬ ಅಂತರ ಕೊಟ್ಟಿದ್ದಾರೆ. 0.91 ಎಂದರೆ 100 ಮಂದಿಗೆ ಆಗುತ್ತಿದ್ದದ್ದು 91 ಮಂದಿಗೆ, 0.04 ಎಂದರೆ 4 ಮಂದಿಗೆ. ನಿಜವಾದ ಇಳಿಕೆ ಶೇ 9 ಇರಬಹುದು, ಶೇ 96 ಕೂಡ ಇರಬಹುದು ಎಂದು ಅದರ ಅರ್ಥ. ಮೊದಲ ಅಂಕಿಯ ಅಂತರ 0.39–0.74, ಅಂದರೆ ಇಳಿಕೆ ಶೇ 26ರಿಂದ 61ರೊಳಗೆ. ಅದು ಹೆಚ್ಚು ನೆಚ್ಚಬಹುದಾದದ್ದು. ಆವರಣದಲ್ಲಿರುವ ಈ ಅಂತರವನ್ನು ನೋಡದೆ ಯಾವ ಶೇಕಡಾವನ್ನೂ ಬಳಸಬೇಡಿ.

ಪ್ರಯೋಜನದ ಲೆಕ್ಕದಷ್ಟೇ ಭಯದ ಲೆಕ್ಕವೂ ಮುಖ್ಯ. 1995ರ ಅಕ್ಟೋಬರ್‌ನಲ್ಲಿ ಬ್ರಿಟನ್‌ನಲ್ಲಿ ಕೆಲವು ಗರ್ಭನಿರೋಧಕ ಗುಳಿಗೆಗಳಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಎರಡು ಪಟ್ಟು ಎಂದು ಎಚ್ಚರಿಕೆ ಹೊರಟಿತು. ಎರಡು ಪಟ್ಟು ಎಂದರೆ 7000 ಮಂದಿಯಲ್ಲಿ ಒಬ್ಬರ ಬದಲು ಇಬ್ಬರು. ಆ ಮಾತನ್ನು ಯಾರೂ ಜನರಿಗೆ ಸರಿಯಾಗಿ ಹೇಳಲಿಲ್ಲ. ಹೆಂಗಸರು ಗಾಬರಿಯಾಗಿ ಗುಳಿಗೆ ಬಿಟ್ಟರು. ಮರುವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಅಂದಾಜು 13,000 ಗರ್ಭಪಾತಗಳು ಹೆಚ್ಚಾದವು. ಬಸಿರು, ಬಾಣಂತನದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಆ ಗುಳಿಗೆಗಿಂತ ಜಾಸ್ತಿ. "ಎರಡು ಪಟ್ಟು" ಎಂಬ ಪದ ಬರೆಯುವಾಗಲೆಲ್ಲ "ಎಷ್ಟರಿಂದ ಎಷ್ಟಕ್ಕೆ?" ಎಂದು ಪಕ್ಕದಲ್ಲೇ ಬರೆಯಿರಿ. ಇದನ್ನು ನಾನು ನಿಯಮ ಎಂದೇ ಪಾಲಿಸುತ್ತೇನೆ.

4. "ಆ ಜನ ನನ್ನಂಥವರೇನಾ?"

2002ರ ಜುಲೈನಲ್ಲಿ ಅಮೆರಿಕದ ದೊಡ್ಡದೊಂದು ಪ್ರಯೋಗವನ್ನು ನಡುವೆಯೇ ನಿಲ್ಲಿಸಿದರು. ಮುಟ್ಟು ನಿಂತ 16,608 ಹೆಂಗಸರಿಗೆ ಹಾರ್ಮೋನ್ ಗುಳಿಗೆ ಅಥವಾ ಔಷಧವಿಲ್ಲದ ಗುಳಿಗೆ ಕೊಟ್ಟಿದ್ದರು. ಸ್ತನ ಕ್ಯಾನ್ಸರ್ ಶೇ 26 ಹೆಚ್ಚು ಎಂಬ ಸುದ್ದಿ ಜಗತ್ತೆಲ್ಲ ಹಬ್ಬಿತು. ಮಂದಿ ಲೆಕ್ಕದಲ್ಲಿ ಅದು ವರ್ಷಕ್ಕೆ 10,000 ಹೆಂಗಸರಲ್ಲಿ 30ರ ಬದಲು 38. ಇನ್ನೊಂದು ವಿಷಯವನ್ನು ಬಹಳ ವರದಿಗಳು ಬಿಟ್ಟೇಬಿಟ್ಟವು: ಅವರ ಸರಾಸರಿ ವಯಸ್ಸು 63. ನಮ್ಮಲ್ಲಿ ಮುಟ್ಟು ನಿಲ್ಲುವುದು ಸಾಮಾನ್ಯವಾಗಿ 46–47ರ ಆಸುಪಾಸು. ರಾತ್ರಿ ಮೈ ಬಿಸಿಯೇರಿ ಬೆವರಿ ಎದ್ದು ಕೂರುವ ನವಲಗುಂದದ 47ರ ಹೆಣ್ಣುಮಗಳಿಗೂ 63 ವಯಸ್ಸಿನ ಅಮೆರಿಕದ ಹೆಂಗಸಿಗೂ ಅಪಾಯದ ಲೆಕ್ಕ ಒಂದೇ ಅಲ್ಲ. ವಯಸ್ಸು, ತೂಕ, ಊಟ, ದುಡಿಮೆ, ಎಷ್ಟು ಹೆರಿಗೆ ಆಗಿವೆ, ಇವನ್ನೆಲ್ಲ ನೋಡಿ ಹೇಳಬೇಕು.

ಕೆಲವೊಮ್ಮೆ ಸಂಶೋಧನೆಯಲ್ಲಿ ಹೆಂಗಸರೇ ಇರುವುದಿಲ್ಲ, ಇಲ್ಲವೇ ಬಹಳ ಕಡಿಮೆ. ಅಮೆರಿಕದಲ್ಲಿ 1977ರಿಂದ, ಹೆರುವ ವಯಸ್ಸಿನ ಹೆಂಗಸರನ್ನು ಔಷಧದ ಮೊದಮೊದಲ ಪ್ರಯೋಗಗಳಿಂದ ದೂರವೇ ಇಟ್ಟಿದ್ದರು. ಅದು ಬದಲಾಗಿದ್ದು 1993ರಲ್ಲಿ. ಜೊಲ್ಪಿಡೆಮ್ ಎಂಬ ನಿದ್ದೆ ಗುಳಿಗೆ ಹೆಂಗಸರ ಮೈಯಿಂದ ನಿಧಾನವಾಗಿ ಹೊರಹೋಗುತ್ತದೆ ಎಂಬ ಕಾರಣಕ್ಕೆ ಅವರಿಗೆ 10 ಮಿಲಿಗ್ರಾಂ ಬದಲು 5 ಸಾಕು ಎಂದು ಅಲ್ಲಿನ ಔಷಧ ನಿಯಂತ್ರಕರು ಹೇಳಿದ್ದು 2013ರಲ್ಲಿ. ಗುಳಿಗೆ ಅಂಗಡಿಗೆ ಬಂದು ಇಪ್ಪತ್ತು ವರ್ಷ ಆಗಿತ್ತು. ಹೃದಯ, ಸಕ್ಕರೆ ಕಾಯಿಲೆ, ನಿದ್ದೆ, ನೋವು, ಯಾವುದೇ ವಿಷಯವಿರಲಿ, "ಇದರಲ್ಲಿ ಹೆಂಗಸರು ಎಷ್ಟು?" ಎಂದು ಕೇಳುವುದನ್ನು ರೂಢಿ ಮಾಡಿಕೊಳ್ಳಿ.

ವ್ಯಾಖ್ಯೆಯನ್ನೂ ಕೇಳಿ. ಪಿಸಿಓಎಸ್ (ಹಾರ್ಮೋನ್ ಏರುಪೇರಾಗಿ ಮುಟ್ಟು ತಪ್ಪುವ ತೊಂದರೆ) ಎಷ್ಟು ಹುಡುಗಿಯರಲ್ಲಿದೆ ಎಂಬ ಅಂಕಿ ಒಂದೊಂದು ಅಧ್ಯಯನದಲ್ಲಿ ಒಂದೊಂದು. ಯಾವ ಮಾನದಂಡ ಬಳಸಿದರು, ಕಾಲೇಜಿನಲ್ಲಿ ಕೇಳಿದರೋ ಆಸ್ಪತ್ರೆಗೆ ಬಂದವರನ್ನು ಎಣಿಸಿದರೋ ಎಂಬುದರ ಮೇಲೆ ಅದು ಏರಿಳಿಯುತ್ತದೆ. ರಕ್ತಹೀನತೆಯದ್ದೂ ಹಾಗೆಯೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ದೇಶದಲ್ಲಿ ಶೇ 57, ಕರ್ನಾಟಕದಲ್ಲಿ ಶೇ 47.8 ಮಂದಿಗೆ ರಕ್ತ ಕಡಿಮೆ. ಆ ಸಮೀಕ್ಷೆಯಲ್ಲಿ ಬೆರಳ ತುದಿಯಿಂದ ತೆಗೆದ ಹನಿ ರಕ್ತವನ್ನು ಪರೀಕ್ಷಿಸಿದ್ದರು. ತೋಳಿನ ರಕ್ತನಾಳದಿಂದ ತೆಗೆದರೆ ಅಂಕಿ ಬೇರೆ ಬರಬಹುದು. ಎರಡು ಬೇರೆ ವಿಧಾನದ ಸಮೀಕ್ಷೆಗಳನ್ನು ಅಕ್ಕಪಕ್ಕ ಇಟ್ಟು "ಏರಿತು", "ಇಳಿಯಿತು" ಎಂದು ಬರೆಯಬಾರದು.

5. ಡಾಕ್ಟರ ಹತ್ತಿರ ಹೋಗುವಾಗ

ಪ್ರಬಂಧ ಓದಿಕೊಂಡು ಹೋಗಿ. ಒಪಿಡಿ ಮುಗಿದ ಮೇಲೆ ಸಮಯ ಕೇಳಿ, ರೋಗಿಗಳ ಸಾಲಿನ ನಡುವೆ ಅಲ್ಲ. ಆ ಸಂಶೋಧನೆಯಲ್ಲಿ ಪಾಲ್ಗೊಳ್ಳದ ಒಬ್ಬ ಡಾಕ್ಟರಾದರೂ ನಿಮ್ಮ ವರದಿಯಲ್ಲಿ ಮಾತಾಡಬೇಕು. ಅವರಿಗೆ ಮೂರು ಪ್ರಶ್ನೆ: ಇದನ್ನು ಓದಿದ ಮೇಲೆ ನಿಮ್ಮ ಚಿಕಿತ್ಸೆ ಬದಲಾಗುತ್ತದಾ? ಇದು ಯಾರಿಗೆ ಅನ್ವಯಿಸುವುದಿಲ್ಲ? ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇದು ಸಿಗುತ್ತದಾ? ಮೂರನೆಯದನ್ನು ಕೇಳುವವರು ಕಡಿಮೆ. ಓದುಗರಿಗೆ ಬೇಕಾದದ್ದು ಅದೇ.

ಗರ್ಭಚೀಲ ತೆಗೆಸುವ ವಿಷಯ ಬಂದರೆ ಇನ್ನೂ ಹುಷಾರು. "ಬಿಳಿಸೆರಗು ಹೋಗ್ತೈತಿ, ಮುಂದ ಕ್ಯಾನ್ಸರ್ ಆಗ್ತೈತಿ" ಎಂಬ ಹೆದರಿಕೆಯಿಂದ ನಲವತ್ತು ತುಂಬುವ ಮೊದಲೇ ಆಪರೇಷನ್ ಮಾಡಿಸಿಕೊಂಡವರು ನಮ್ಮ ಹಳ್ಳಿಗಳಲ್ಲಿ ಇದ್ದಾರೆ. ಅನಗತ್ಯ ಗರ್ಭಚೀಲ ಶಸ್ತ್ರಚಿಕಿತ್ಸೆ ತಡೆಯುವ ಮಾರ್ಗಸೂಚಿಯನ್ನು ಮೂರು ತಿಂಗಳಲ್ಲಿ ಜಾರಿಗೆ ತನ್ನಿ ಎಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ರಾಜ್ಯಗಳಿಗೆ ಹೇಳಿದೆ. ಈ ಬಗ್ಗೆ ಬರೆಯುವ ಪ್ರತಿ ವರದಿಯಲ್ಲೂ "ಇನ್ನೊಬ್ಬ ಡಾಕ್ಟರಿಗೆ ತೋರಿಸಿ" ಎಂಬ ಸಾಲು ಇರಲಿ.

6. ಹೆಣ್ಣುಮಕ್ಕಳ ಮಾತು ಬರೆಯುವಾಗ

ಹೆಸರು ಬದಲಿಸಿದರೆ ಸಾಲದು. "ಶಿರಹಟ್ಟಿ ತಾಲೂಕಿನ ಇಂಥ ಊರಿನ 34 ವರ್ಷದ ಅಂಗನವಾಡಿ ಕಾರ್ಯಕರ್ತೆ" ಎಂದು ಬರೆದರೆ ಊರಿಗೆಲ್ಲ ಗೊತ್ತಾಗುತ್ತದೆ ಅವಳು ಯಾರೆಂದು. ಊರು, ವಯಸ್ಸು, ಕೆಲಸ, ಈ ಮೂರನ್ನೂ ಒಟ್ಟಿಗೆ ಕೊಡಬೇಡಿ. ಅತ್ತೆ, ಗಂಡ ಎದುರಿಗೆ ಕೂತಿರುವಾಗ ಮುಟ್ಟಿನ, ಗರ್ಭದ ವಿಷಯ ಕೇಳಬೇಡಿ. ಹೊಲದ ಕೆಲಸ, ರೊಟ್ಟಿ ಬಡಿಯುವ ಹೊತ್ತು ತಪ್ಪಿಸಿ ಹೋಗಿ. ಬರೆದದ್ದನ್ನು ಓದಿ ಹೇಳಿ, ಇನ್ನೊಮ್ಮೆ ಒಪ್ಪಿಗೆ ಪಡೆಯಿರಿ. ಮೊದಲು ಹೂಂ ಅಂದವಳು ಆಮೇಲೆ ಬೇಡ ಅಂದರೆ, ಬೇಡ. ಗರ್ಭಪಾತ ಮಾಡಿಸಿಕೊಂಡವಳ ಗುರುತನ್ನು ಆಸ್ಪತ್ರೆಯವರು ಹೊರಗೆ ಬಿಡುವುದಕ್ಕೆ 2021ರಲ್ಲಿ ತಿದ್ದಿದ ಕಾನೂನು ತಡೆ ಹಾಕಿದೆ. ನಾವೂ ಅಷ್ಟೇ ಬಿಗಿಯಾಗಿರಬೇಕು.

7. ಬರವಣಿಗೆ, ಹೆಡ್‌ಲೈನ್

ಮುಟ್ಟು, ಬಿಳಿಸೆರಗು, ಗರ್ಭಚೀಲ, ಹೆರಿಗೆ ಎಂದು ನೇರವಾಗಿ ಬರೆಯಿರಿ. "ಆ ದಿನಗಳು", "ಹೆಂಗಸರ ಸಮಸ್ಯೆ" ಎಂದು ಮುಚ್ಚಿಟ್ಟು ಬರೆದರೆ ಯಾವ ಕಾಯಿಲೆ ಎಂದೇ ತಿಳಿಯುವುದಿಲ್ಲ. ವೈದ್ಯಕೀಯ ಹೆಸರು ಬೇಕಾದಲ್ಲಿ ಒಂದು ಸಲ ಕೊಡಿ. ಡಾಕ್ಟರ್ ಚೀಟಿಯಲ್ಲಿ ಅದೇ ಇರುತ್ತದಲ್ವಾ.

"ರಾಮಬಾಣ", "ಸಂಶೋಧನೆಯಿಂದ ಸಾಬೀತು" ಎಂಬ ಪದಗಳನ್ನು ಹೆಡ್‌ಲೈನಿಗೆ ಹಾಕಲು ಡೆಸ್ಕಿನವರು ಹೊರಟರೆ ತಡೆಯಿರಿ. ಹೆಡ್‌ಲೈನನ್ನು ನೀವೇ ಬರೆದು ಕಳಿಸುವುದು ಒಳ್ಳೆಯದು. ಮುಟ್ಟಿನ ತೊಂದರೆ ಸರಿಪಡಿಸುವ ಔಷಧ ಎಂದು ಜಾಹೀರಾತು ಕೊಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಕಾಯ್ದೆ ನಿಷೇಧಿಸಿದೆ. ಪ್ರಾಯೋಜಿತ ಲೇಖನವನ್ನು ಸುದ್ದಿಯಂತೆ ಬರೆಸಲು ಯಾರಾದರೂ ಬಂದರೆ ಆ ಕಾಯ್ದೆಯ ಹೆಸರು ಹೇಳಿ.

ಓದಲು ಬಾರದವರಿಗೂ ಮುಟ್ಟಬೇಕೆಂದರೆ ಅದೇ ವರದಿಯನ್ನು ಎರಡು ನಿಮಿಷದ ವಾಯ್ಸ್ ಮೆಸೇಜ್ ಮಾಡಿ, ನಮ್ಮ ಧಾರವಾಡದ ಮಾತಿನಲ್ಲೇ. ಆಶಾ ಕಾರ್ಯಕರ್ತೆಯರ ಗುಂಪಿಗೆ ಕೊಟ್ಟರೆ ಅದು ಪತ್ರಿಕೆಗಿಂತ ದೂರ ಹೋಗುತ್ತದೆ.

8. "ನಾನೀಗ ಏನು ಮಾಡಬೇಕು?"

"ವೈದ್ಯರನ್ನು ಸಂಪರ್ಕಿಸಿ" ಎಂಬ ಒಂದೇ ಸಾಲಿನಿಂದ ಯಾರಿಗೂ ಉಪಯೋಗವಿಲ್ಲ. ಯಾವ ಡಾಕ್ಟರು, ಎಲ್ಲಿ, ಯಾವ ಲಕ್ಷಣ ಕಂಡರೆ, ಎಷ್ಟು ಬೇಗ, ಇಷ್ಟನ್ನು ಬರೆಯಿರಿ.

ರಕ್ತಹೀನತೆಯ ವರದಿಯನ್ನೇ ತಗೊಳ್ಳಿ. ಗರ್ಭಿಣಿಯರಿಗೆ ಸರ್ಕಾರದಿಂದ ಕೆಂಪು ಬಣ್ಣದ ಕಬ್ಬಿಣಾಂಶದ ಗುಳಿಗೆ ಪುಕ್ಕಟೆ ಸಿಗುತ್ತದೆ, ದಿನಕ್ಕೊಂದರಂತೆ 180 ದಿನ. ಹದಿಹರೆಯದ ಶಾಲೆ ಹುಡುಗಿಯರಿಗೆ ವಾರಕ್ಕೊಂದು ನೀಲಿ ಗುಳಿಗೆ. ತಿಂದರೆ ಸಂಡಾಸು ಕಪ್ಪಾಗುತ್ತದೆ, ಕೆಲವರಿಗೆ ಹೊಟ್ಟೆ ತೊಳಸುತ್ತದೆ. ಕಪ್ಪಾಗುವುದು ಸಹಜ ಎಂದು ಮೊದಲೇ ಹೇಳದಿದ್ದರೆ ಹೆದರಿ ಬಿಟ್ಟುಬಿಡುತ್ತಾರೆ. ಗುಳಿಗೆ ತಿಂದ ಬೆನ್ನಲ್ಲೇ, ಊಟವಾದ ಕೂಡಲೇ ಚಹಾ ಕುಡಿದರೆ ಕಬ್ಬಿಣಾಂಶ ಮೈಗೆ ಹತ್ತುವುದು ಕಡಿಮೆ. ರೊಟ್ಟಿ, ಪಲ್ಯದ ಜೊತೆ ಲಿಂಬೆಹಣ್ಣು ಹಿಂಡಿಕೊಂಡರೆ ಜಾಸ್ತಿ ಹತ್ತುತ್ತದೆ. ಇಷ್ಟು ಬರೆದರೆ ಅವಳು ಆ ಸಂಜೆಯೇ ಏನೋ ಒಂದನ್ನು ಬದಲಿಸಬಲ್ಲಳು.

ಏನು ಮಾಡಬಾರದು ಎಂಬುದೂ ಬೇಕು. ಮಿಸೊಪ್ರೊಸ್ಟಾಲ್ ವರದಿಯಲ್ಲಿ ಇದು ಜೀವದ ಪ್ರಶ್ನೆ. ಪ್ರಯೋಗದಲ್ಲಿ ಮಗು ಹುಟ್ಟಿದ ಮೇಲಷ್ಟೇ, ತರಬೇತಿ ಪಡೆದ ಸಿಸ್ಟರ್ ಕೊಟ್ಟ ಗುಳಿಗೆ ಅದು. ಹೆರಿಗೆಗೆ ಮುಂಚೆ ಮನೆಯಲ್ಲೇ ತಿಂದರೆ ತಾಯಿ, ಮಗು ಇಬ್ಬರಿಗೂ ಅಪಾಯ. ಚಳಿ ನಡುಕ, ಜ್ವರ ಬರಬಹುದು ಎಂಬುದನ್ನೂ ಬಿಡಬೇಡಿ. ಆಸ್ಪತ್ರೆಯಲ್ಲಿ ಆಕ್ಸಿಟೋಸಿನ್ ಇಂಜೆಕ್ಷನ್ ಇದ್ದರೆ ಅದಕ್ಕೇ ಮೊದಲ ಆದ್ಯತೆ. ಆದರೆ ಅದನ್ನು ಫ್ರಿಜ್‌ನಲ್ಲಿ ಇಡಬೇಕು. ಗುಳಿಗೆಗೆ ಫ್ರಿಜ್ ಬೇಡ, ಹಳ್ಳಿಗೆ ಅದು ಮುಖ್ಯವಾಗಿದ್ದು ಅದಕ್ಕೇ. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಇದನ್ನು ಈ ಬಳಕೆಗೆ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

9. ಪ್ರಕಟವಾದ ಮೇಲೆ

ಫೋನ್ ಬರುತ್ತವೆ. "ನನಗ ಹಿಂಗ ಆಗೈತಿ, ಯಾವ ಗುಳಿಗಿ ತಗೋಬೇಕ್ರಿ?" ಎಂದು ಕೇಳುತ್ತಾರೆ. ಔಷಧದ ಹೆಸರು ಹೇಳಬೇಡಿ. ಪೂರ್ತಿ ಕೇಳಿಸಿಕೊಳ್ಳಿ, ಹತ್ತಿರದ ಆರೋಗ್ಯ ಕೇಂದ್ರ, 104 ಸಹಾಯವಾಣಿ, ತುರ್ತು ಇದ್ದರೆ 108, ಇಷ್ಟನ್ನು ತಿಳಿಸಿ. ಒಂದೇ ಪ್ರಶ್ನೆ ಮೇಲಿಂದ ಮೇಲೆ ಬಂದರೆ ಅದೇ ನಿಮ್ಮ ಮುಂದಿನ ವರದಿ.

ಬರೆದ ಪ್ರತಿ ವಿಷಯಕ್ಕೂ ಒಂದು ಫೈಲ್ ಇಡಿ, ವರ್ಷಕ್ಕೊಮ್ಮೆ ತೆರೆಯಿರಿ. ವೈದ್ಯಕೀಯ ಗೆರೆಗಳು ಸರಿಯುತ್ತಿರುತ್ತವೆ. ಗರ್ಭಿಣಿಯರ ರಕ್ತಹೀನತೆಗೆ ಮೊದಲು ಎಲ್ಲ ತಿಂಗಳಿಗೂ ಹಿಮೊಗ್ಲೋಬಿನ್ 11 ಗ್ರಾಂ ಎಂಬ ಗೆರೆ ಇತ್ತು. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಡುವಿನ ಮೂರು ತಿಂಗಳಿಗೆ ಅದನ್ನು 10.5 ಮಾಡಿತು. ಹೆರಿಗೆಯ ರಕ್ತಸ್ರಾವದ ಕಥೆಯೂ ಮುಂದೆ ಹೋಗಿದೆ. 2023ರಲ್ಲಿ ಆಫ್ರಿಕಾದ ನಾಲ್ಕು ದೇಶಗಳ 80 ಆಸ್ಪತ್ರೆಗಳಲ್ಲಿ ನಡೆದ ಪ್ರಯೋಗದ ಫಲಿತಾಂಶ ಬಂತು. ಬೆಳಗಾವಿಯಲ್ಲಿ ಬಳಸಿದಂಥದೇ ಗುರುತಿನ ಹಾಳೆಯಿಂದ ರಕ್ತ ಅಳೆದು, ಕೂಡಲೇ ಚಿಕಿತ್ಸೆಗಳನ್ನು ಒಟ್ಟಿಗೆ ಕೊಟ್ಟ ಕಡೆ ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ದು ಮಾಡುವ ಆಪರೇಷನ್, ಸಾವು, ಇವೆಲ್ಲ ಸೇರಿ 1000 ಹೆರಿಗೆಗೆ 16. ಎಂದಿನ ಚಿಕಿತ್ಸೆಯೇ ನಡೆದ ಆಸ್ಪತ್ರೆಗಳಲ್ಲಿ ಅದು 43. 2025ರ ಅಕ್ಟೋಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ 500 ಮಿಲಿಲೀಟರ್‌ವರೆಗೆ ಕಾಯಬೇಡಿ ಎಂದಿತು. 300 ಮಿಲಿಲೀಟರ್ ರಕ್ತ ಹೋಗಿ, ನಾಡಿ ಅಥವಾ ಬಿಪಿಯಲ್ಲಿ ಏರುಪೇರು ಕಂಡರೆ ಆಗಲೇ ಚಿಕಿತ್ಸೆ ಶುರುಮಾಡಿ ಎಂಬುದು ಈಗಿನ ಸಲಹೆ. 500ರ ಅಂಕಿ ಇಟ್ಟು ಮೊದಲು ಬರೆದಿದ್ದರೆ ಆ ವರದಿಗೆ ತಾರೀಕು ಹಾಕಿ ಒಂದು ಟಿಪ್ಪಣಿ ಸೇರಿಸಿ. ಆಮೇಲೆ ನಿಮ್ಮ ತಾಲೂಕು ಆಸ್ಪತ್ರೆಯ ಹೆರಿಗೆ ವಾರ್ಡಿಗೆ ಹೋಗಿ, ಆ ಅಳತೆಯ ಹಾಳೆ ಅಲ್ಲಿ ಇದೆಯಾ ಎಂದು ಕೇಳಿ.